ಸುಗಂಧಿಯ ಜಾಗದಲ್ಲಿ

ಅಲಖನೂರಿನ ಧರೆಪ್ಪನ ಮನೆಯಲ್ಲಿ ಸೋಮವಾರ ಬಂತೆಂದರೆ ಶೇಂಗಾ ಸೀದುಹೋಗುತ್ತಿತ್ತು. ಉಳಿದ ದಿನ ಲಕ್ಕವ್ವನ ಕೈಯಲ್ಲಿ ಒಂದು ಕಾಳೂ ಕಪ್ಪಾಗುತ್ತಿರಲಿಲ್ಲ. ಹದವಾಗಿ ಹುರಿದು, ತಿಕ್ಕಿ, ಸಿಪ್ಪೆ ಹಾರಿಸಿ, ಕುಟ್ಟಿ ಚಟ್ನಿ ಮಾಡುವುದರಲ್ಲಿ ಆಕೆಯನ್ನು ಮೀರಿಸುವವರು ಆ ಓಣಿಯಲ್ಲೇ ಇರಲಿಲ್ಲ. ಸೋಮವಾರ ಮಧ್ಯಾಹ್ನ ಮಾತ್ರ ಅಡುಗೆಮನೆಯ ಹೊಗೆ ಪಡಸಾಲೆಯವರೆಗೂ ಬರುತ್ತಿತ್ತು.

"ಎಲ್ಲಾ ಆ ಪುಸ್ತಕದ ಸಲುವಾಗಿ," ಎಂದು ಲಕ್ಕವ್ವ ಬೈಯುತ್ತಿದ್ದಳು. "ಇಷ್ಟ ಮಂದಿ ಹೆಣಮಕ್ಕಳು ಕೂಡಿ ಗದ್ಲಾ ಹಾಕಿದ್ರ ಒಲಿ ಮ್ಯಾಲ ಯಾರಿಗೆ ಲಕ್ಷ್ಯ ಇರ್ತೈತಿ?"

ಈ ಪುಸ್ತಕದ ಗದ್ದಲವನ್ನು ಮನೆಗೆ ತಂದವಳು ಸೊಸೆ ಸ್ನೇಹಲ. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಮರಾಠಿ ಎರಡರಲ್ಲೂ ಕೈಗೆ ಸಿಕ್ಕಿದ್ದನ್ನು ಓದುವ ಚಟದವಳು. ಕಿರಾಣಿ ಸಾಮಾನು ಕಟ್ಟಿ ಬಂದ ಹಾಳೆಯನ್ನೂ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಬ್ಬಳೇ ಓದಿಕೊಂಡಳು. ಆಮೇಲೆ, ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ ಎನ್ನುವಂತಾಯಿತು. ಎದುರು ಮನೆಯಲ್ಲಿ ಜಂಪರ್ ಹೊಲಿಯುವ ಸೋನಾಲಿ ಬಂದಳು. ಪಕ್ಕದ ಕುರುಬರ ಮನೆಯ ತಾರವ್ವ ಬಂದಳು. ಅವರ ಬೆನ್ನು ಹಿಡಿದು ಓಣಿಯ ಇನ್ನೂ ಮೂರ್ನಾಲ್ಕು ಮಂದಿ ಬಂದರು. ಸೋಮವಾರ ಬಸವಣ್ಣನ ವಾರವೆಂದು ಆ ಕಡೆ ಎತ್ತು ಹೂಡುವುದಿಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದವರ ಮನೆಯಲ್ಲೂ ಆ ದಿನ ಬಿಡುವಿನದಾಗಿಯೇ ಉಳಿದಿತ್ತು. ಗ್ರಂಥಾಲಯದಿಂದ ಪುಸ್ತಕ ತರುವುದು, ಪಡಸಾಲೆಯಲ್ಲಿ ಕೌದಿ ಹಾಸುವುದು, ಒಬ್ಬರು ಓದುವುದು, ಉಳಿದವರು ಕೇಳುವುದು.

ಕೌದಿಗೂ ಒಂದು ತಕರಾರಿತ್ತು. "ಆ ಹಳಿ ಕೌದಿ ಹಾಸಬ್ಯಾಡ. ಚಾಪಿ ಹಾಸು," ಎಂದು ಲಕ್ಕವ್ವ ಮೊದಲ ದಿನವೇ ಹೇಳಿದ್ದಳು. ಮುದುಕಿಗೆ ಹೊಲಸಾಗುವ ಚಿಂತೆ ಎಂದುಕೊಂಡ ಸ್ನೇಹಲ, "ಒಗದ ಕೊಡ್ತೀನ್ರಿ ಅತ್ತಿ," ಎಂದು ನಕ್ಕು ಹಾಸಿಯೇಬಿಟ್ಟಿದ್ದಳು. ಹಲವು ಸೀರೆಗಳ ತುಂಡು ಸೇರಿಸಿ ಹೊಲಿದ ದಪ್ಪ ಕೌದಿ, ಕುಳಿತರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಗುಂಪಿಗೆ ನೇಮಗಳು ಎರಡೇ. ಒಬ್ಬರೇ ಕದ್ದು ಮುಂದೆ ಓದಬಾರದು. ಎರಡನೆಯದು ತಾರವ್ವ ಹಾಕಿದ್ದು. ಅವಳಿಗೆ ಅಕ್ಷರ ಬರದು, ಆದರೆ ಕಥೆ ಕೇಳಿ ಸುಮ್ಮನೆ ಎದ್ದುಹೋಗುವ ಜಾಯಮಾನದವಳೂ ಅಲ್ಲ. "ಓದೂದು ಮುಗದ ಮ್ಯಾಲ ಒಬ್ಬೊಬ್ಬರು ಹೇಳಬೇಕ ನೋಡ್ರಿ, ಆ ಜಾಗದಾಗ ನಾ ಇದ್ದರ ಏನ ಮಾಡತಿದ್ದೆ ಅಂತ. ಸುಳ್ಳ ಹೇಳಂಗಿಲ್ಲ," ಎಂದಿದ್ದಳು. ಎಲ್ಲರೂ ಒಪ್ಪಿದ್ದರು. ಒಪ್ಪುವುದು ಸುಲಭವಿತ್ತು.

ಕಾರ ಹುಣ್ಣಿಮೆಗೆ ನಾದಿನಿ ಕೋಮಲ ಗಂಡ ವಿಶ್ವಾಸನ ಊರಾದ ಮಂಗಸೂಳಿಯಿಂದ ತವರಿಗೆ ಬಂದಿದ್ದಳು. ಹಬ್ಬ ಮುಗಿದ ಸೋಮವಾರ ಅವಳೂ ಕೌದಿಯ ಒಂದು ತುದಿಯಲ್ಲಿ ಕುಳಿತಳು. ಓದುತ್ತಿದ್ದ ಕಾದಂಬರಿಯ ಹೊದಿಕೆ ಹರಿದು ಹೆಸರೇ ಹೋಗಿತ್ತು. ಹೆಸರಿಲ್ಲದಿದ್ದರೇನು, ಅದರೊಳಗಿನ ಸುಗಂಧಿ ಎಂಬ ಹೆಣ್ಣುಮಗಳು ಅಷ್ಟರಲ್ಲಿ ಓಣಿಯವಳೇ ಆಗಿಬಿಟ್ಟಿದ್ದಳು. ಅಂದಿನ ಭಾಗದಲ್ಲಿ ಸುಗಂಧಿಯನ್ನು ಅಣ್ಣಂದಿರು ತವರಿಗೆ ಕರೆಸುತ್ತಾರೆ. ಹೋಳಿಗೆ ಊಟ ಹಾಕುತ್ತಾರೆ. ಊಟವಾದ ಮೇಲೆ ಕಾಗದ ಮುಂದಿಟ್ಟು, ತಂದೆಯ ಹೊಲದಲ್ಲಿ ತನಗೆ ಪಾಲು ಬೇಡವೆಂದು ಸಹಿ ಮಾಡಿಸಿಕೊಳ್ಳುತ್ತಾರೆ. ಉಡಿ ತುಂಬಿ, ಸೀರೆ ಉಡಿಸಿ ಕಳುಹಿಸುತ್ತಾರೆ. ಗಡಿಯ ಈ ಊರುಗಳಲ್ಲಿ ಅದಕ್ಕೆ ಹಕ್ಕಸೋಡ ಪತ್ರ ಎನ್ನುತ್ತಾರೆ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹೊಲವಿದ್ದ ಮನೆಯಿಂದ ಬಂದ ಹೆಂಗಸರೆಲ್ಲ ಆ ಹೋಳಿಗೆ ಉಂಡವರೇ.

ಓದು ಮುಗಿಯಿತು. ತಾರವ್ವ, "ಹೂಂ, ಹೇಳ್ರಿ," ಎಂದಳು.

"ನಾ ಇದ್ದರ ಸಹಿ ಮಾಡತಿದ್ದೆನ್ರಿ," ಎಂದಳು ಸೋನಾಲಿ. "ಮಾಡಲಿಲ್ಲಂದ್ರ ನಾಳೆ ತವರಮನಿ ಬಾಗಲಾ ಯಾರು ತಗೀತಾರ? ಹೊಲಾ ಇಟಗೊಂಡು ಅಣ್ಣನ್ನ ಕಳಕೊಳ್ಳೂದ?"

"ನಮ್ಮಲ್ಲಿ ಹೊಲಾ ಎಲ್ಲೈತಿ ಯವ್ವಾ, ಕುರಿ ಅದಾವು," ಎಂದಳು ತಾರವ್ವ. "ನನ್ನ ಮದುವಿಯಾಗ ನಮ್ಮಣ್ಣ ಎರಡ ಕುರಿ ಹೊಡದ ಕೊಟ್ಟ. ಅವು ಮರಿ ಹಾಕಿದ್ವು. ಆ ಮರಿ ಮತ್ತ ಮರಿ ಹಾಕಿದ್ವು. ಸೀರಿ ಮರಿ ಹಾಕ್ತೈತೇನ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಇಳಿದ ಮೇಲೆ ಸ್ನೇಹಲ ಪುಸ್ತಕ ಮುಚ್ಚಿ, ಯಾಕೋ ಬಿಸಿಯಾಗಿಯೇ ಹೇಳಿದಳು: "ನಾ ಇದ್ದರ ಮಾಡತಿದ್ದಿಲ್ಲ. ಕೊಡೂದು ಬಿಡೂದು ಆಮ್ಯಾಲಿನ ಮಾತು. ಹೋಳಿಗಿ ಬಡಸಾಕ ಬಾಯಿ ತುಂಬ ಕರೀತಾರ, ನಿನಗ ಏನ ಬೇಕವಾ ಅಂತ ಒಂದ ಮಾತ ಕೇಳಾಕ ಬಾಯಿ ಇಲ್ಲೇನು?"

ಕೋಮಲಳ ಸರದಿ ಬಂತು. ಕೌದಿಯ ಬಿಚ್ಚಿಕೊಂಡ ದಾರವೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಾ ಆಮ್ಯಾಲ ಹೇಳತೀನಿ," ಎಂದಳು. ಅಷ್ಟರಲ್ಲಿ ಒಳಗಿನಿಂದ ಶೇಂಗಾ ಸೀದ ವಾಸನೆ ಬಂತು.

ಅದಾಗಿ ಕೆಲವು ವಾರ ಕಳೆದಿರಬೇಕು. ಧರೆಪ್ಪನ ಮೊಣಕಾಲು ಕೈಕೊಟ್ಟಿತ್ತು. ಕಾಲುವೆ ಬದಿಯ ನಾಲ್ಕೆಕರೆ ಕಬ್ಬಿನ ಹೊಲಕ್ಕೆ ಹೋಗಿಬರುವುದೇ ಅವನಿಗೆ ಯಾತ್ರೆಯಾಗಿತ್ತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಮಗನಿಗೆ ಹೇಳಿದ: "ಈಶ್ವರಾ, ನಾ ಗಟ್ಟಿ ಇದ್ದಾಗನ ಹೊಲಾ ನಿನ್ನ ಹೆಸರಿಗೆ ಹಚ್ಚಿಬಿಡೂಣು. ಪಂಚಮಿಗೆ ಕೋಮಲಾ ಬರ್ತಾಳ. ಹಬ್ಬ ಮುಗಿಸಿ ಹಂಗ ರಾಯಬಾಗದ ಕಚೇರಿಗೆ ಹೋಗಿ ಆಕಿ ಸಹಿ ಮಾಡಿಸಿ ಬಂದ್ರ ಆತು."

ಈಶ್ವರ ಕೆಟ್ಟವನಲ್ಲ. ತಂಗಿಯ ಮದುವೆಯಲ್ಲಿ ಹಗಲಿರುಳು ದುಡಿದವನು, ಮಾವಿನ ಸುಗ್ಗಿಯಲ್ಲಿ ಮೊದಲ ಬುಟ್ಟಿ ಮಂಗಸೂಳಿಗೆ ಕಳುಹಿಸುವವನು. ಸಹಿಯೂ ಹಬ್ಬದ ಉಂಡಿಯಂತೆ ಬರುವುದೇ ಎಂದು ತಿಳಿದಿದ್ದ, ಅಷ್ಟೇ. ಚಿಕ್ಕೋಡಿಗೆ ಹೋದಾಗ ಬದನೆಕಾಯಿ ಬಣ್ಣದ, ಜರಿಯಂಚಿನ ಒಳ್ಳೆಯ ಸೀರೆ ತಂದು ಎಲ್ಲರಿಗೂ ತೋರಿಸಿ ಕಪಾಟಿನಲ್ಲಿಟ್ಟ. ಸ್ನೇಹಲ ಅದನ್ನು ಮುಟ್ಟಿ ನೋಡಿ, "ಚಂದೈತ್ರಿ," ಎಂದಳು. ಪುಸ್ತಕದ ಸುಗಂಧಿ ಮನೆಯೊಳಗೇ ಬಂದು ನಿಂತಂತಾಗಿತ್ತು. ಈ ಸಹಿಯಿಂದ ಗಟ್ಟಿಯಾಗುವ ಹೊಲ ಯಾರದು? ಅವಳದೇ, ಅವಳ ಗಂಡನದೇ.

ಆ ರಾತ್ರಿ ಊಟಕ್ಕೆ ಕುಳಿತಿದ್ದರು. ಬಿಸಿ ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ, ಮೊಸರು. ಈಶ್ವರನ ಫೋನು ಸದ್ದು ಮಾಡಿತು. ಕೈ ಎಂಜಲೆಂದು ಅವನು ಅದನ್ನು ನೆಲದ ಮೇಲಿಟ್ಟೇ ಸ್ಪೀಕರಿಗೆ ಹಾಕಿದ.

"ದಾದಾ, ಊಟಾ ಆತೇನ?" ಕೋಮಲಳ ದನಿ.

"ನಡದೈತಿ. ಪಂಚಮಿಗೆ ಯಾವಾಗ ಬರ್ತಿ? ಅಪ್ಪ ಹೇಳ್ಯಾನಲಾ, ರಾಯಬಾಗದ್ದು?"

"ಅದರ ಸಲುವಾಗೇ ಫೋನ ಹಚ್ಚಿನಿ," ಎಂದಳು ಕೋಮಲ. "ದಾದಾ, ಸಹಿ ವಿಷಯಾ... ನಾ ಒಂದೀಟ ವಿಚಾರ ಮಾಡ್ತೀನಿ."

ಧರೆಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಈಶ್ವರ, "ವಿಚಾರ ಅಂದ್ರ? ವಿಶ್ವಾಸ ಭಾವೋಜಿ ಏನರ ಅಂದ್ರೇನ?" ಎಂದ.

"ಅವ್ರಿಗೆ ನಾ ಹೇಳೇ ಇಲ್ಲ. ಕಾರ ಹುಣ್ಣಿವಿ ಮುಗದಿಂದ ನನ್ನ ತಲಿಯಾಗ ಕುಂತೈತಿ. ವೈನಿ ಅವತ್ತ ಅಂದ್ರಲಾ, ಸುಗಂಧಿ ಜಾಗದಾಗ ಇದ್ದರ ಸಹಿ ಮಾಡತಿದ್ದಿಲ್ಲಂತ."

"ಯಾವ ಸುಗಂಧಿ? ಎಲ್ಲ್ಯಾಕಿ?" ಧರೆಪ್ಪ ಗಾಬರಿಯಾಗಿ ಕೇಳಿದ.

"ಪುಸ್ತಕದಾಕಿ," ಎಂದಳು ಲಕ್ಕವ್ವ, ರೊಟ್ಟಿ ತಿರುವುತ್ತ.

ಈಶ್ವರ ಹೆಂಡತಿಯ ಕಡೆ ತಿರುಗಿದ. ಮುಖ ಕೆಂಪಾಗಿತ್ತು. "ನೀನ ಹೇಳು ಆಕಿಗೆ. ಪುಸ್ತಕ ಬ್ಯಾರೆ, ಮನಿ ಬ್ಯಾರೆ ಅಂತ ಹೇಳು. ಇಲ್ಲೇ ಹೇಳು, ಎಲ್ಲಾರೂ ಕೇಳಲಿ."

ಸ್ನೇಹಲ ಮೊಸರಿನ ಪಾತ್ರೆ ಕೆಳಗಿಟ್ಟಳು. "ಕೋಮಲಾ," ಎಂದಳು. ಕೋಮಲ ನಡುವೆಯೇ ಬಾಯಿ ಹಾಕಿದಳು.

"ವೈನಿ, ನಾ ಒಂದ ಕೇಳತೀನ್ರಿ. ಸುಗಂಧಿ ಜಾಗದ್ದು ಬಿಡ್ರಿ. ನನ್ನ ಜಾಗದಾಗ ನೀವ ಇದ್ದರ?"

ಹೌದೆಂದರೆ ಗಂಡನ ಹೊಲ ಕಡಿಮೆಯಾಗುತ್ತದೆ, ಮನೆಯ ನೆಮ್ಮದಿ ಹೋಗುತ್ತದೆ, ಸೋಮವಾರವೂ ಹೋಗುತ್ತದೆ. ಇಲ್ಲವೆಂದರೆ ಇನ್ನು ಯಾವ ಮುಖ ಹೊತ್ತು ತಾರವ್ವನ ಎದುರು ಪುಸ್ತಕ ತೆರೆಯುವುದು? ಸ್ನೇಹಲಳಿಗೆ ಭಯವಾಯಿತು, ನಿಜವಾಗಿಯೂ ಭಯವಾಯಿತು. ಆದರೂ ಸುಳ್ಳು ಬಾಯಿಗೆ ಬರಲಿಲ್ಲ.

"ಮಾಡತಿದ್ದಿಲ್ಲ," ಎಂದಳು.

ಈಶ್ವರ ತಾಟು ಸರಿಸಿ ಎದ್ದ. "ನಿಪ್ಪಾಣ್ಯಾಗ ನಿಮ್ಮ ಅಣ್ಣಂದಿರಿಗೆ ನೀ ಸಹಿ ಮಾಡಿಕೊಟ್ಟಿಲ್ಲೇನು? ಅವಾಗ ಮುಗಲ ಹರದ ಬಿತ್ತೇನು?"

"ಬೀಳಲಿಲ್ರಿ. ಆದ್ರ ನನ್ನ ಯಾರೂ ಕೇಳಲಿಲ್ಲ."

"ಕೇಳೂದೇನೈತಿ ಅದರಾಗ? ನಡಕೊಂಡ ಬಂದದ್ದು."

"ಅದನ್ನ ನಾನೂ ಹೇಳಾಕತ್ತಿನ್ರಿ. ಯಾರೂ ಕೇಳೂದಿಲ್ಲಂತ."

ಫೋನಿನಲ್ಲಿ ಕೋಮಲ, "ದಾದಾ, ವೈನಿಗೆ ಬೈಬ್ಯಾಡ," ಎನ್ನುತ್ತಿದ್ದಳು. ಈಶ್ವರ ಎಡಗೈಯಿಂದ ಅದನ್ನು ಆರಿಸಿ ಹಿತ್ತಲಿಗೆ ಹೋದ. ಧರೆಪ್ಪ ಒಮ್ಮೆ ಸೊಸೆಯನ್ನೂ ಒಮ್ಮೆ ಬಾಗಿಲನ್ನೂ ನೋಡಿ, "ಊಟದ ಹೊತ್ತಿನ್ಯಾಗ ಇದೆಲ್ಲಾ ಯಾಕ ಬೇಕಿತ್ತ," ಎಂದು ಗೊಣಗಿ ಮೊಸರು ಕಲಸಿಕೊಂಡ. ಲಕ್ಕವ್ವ ಒಲೆ ಆರಿಸಿ ಒಂದೇ ಮಾತು ಹೇಳಿದಳು: "ನಾಳಿಂದ ಆ ಹೆಣಮಕ್ಕಳು ನನ್ನ ಪಡಸಾಲಿ ತುಳೀಬಾರದು."

ಮನೆ ಬಿಗಿದುಕೊಂಡಿತು. ಈಶ್ವರ, ಅವ್ವ ಬಡಿಸಿದರೆ ಉಣ್ಣುತ್ತಿದ್ದ, ಹೆಂಡತಿ ಬಡಿಸಿದರೆ ಹಸಿವಿಲ್ಲ ಎನ್ನುತ್ತಿದ್ದ. ಸ್ನೇಹಲ ಬುತ್ತಿ ಕಟ್ಟಿಟ್ಟರೆ ಅದನ್ನು ಒಯ್ಯುತ್ತಿದ್ದ ಮಾತ್ರ, ಮರೆತು ಬಿಟ್ಟುಹೋದಂತೆ ನಟಿಸುವಷ್ಟು ಸಿಟ್ಟು ಅವನಲ್ಲಿರಲಿಲ್ಲ. "ನೀರ ಕಾಯ್ದಾವು," "ಹಾಲಿನವ ಬಂದಾನ," ಇಂಥ ಮಾತುಗಳು ಗೋಡೆಗೆ ಹೇಳಿದಂತೆ ನಡೆಯುತ್ತಿದ್ದವು. ಸೋಮವಾರ ಬಂದು ಹೋಯಿತು. ಕೌದಿ ಮಡಿಚಿಟ್ಟಲ್ಲೇ ಇತ್ತು. ಅಂದು ಶೇಂಗಾ ಸೀಯಲಿಲ್ಲ.

ಸೋನಾಲಿ ಮಿಷನ್ನಿನ ಮುಂದೆ ಕುಳಿತು ಕಿಟಕಿಯಿಂದಲೇ ಕೈಸನ್ನೆಯಲ್ಲಿ ಏನಾಯಿತೆಂದು ಕೇಳಿದಳು. ತಾರವ್ವ ಮಾತ್ರ ಗೋಡೆಯ ಮೇಲಿಂದ ತಲೆ ಹಾಕಿ, "ಏನವಾ, ನನ್ನ ನೇಮ ನಿನ್ನ ಮನಿ ಮುರೀತೇನ?" ಎಂದು ನೇರವಾಗಿ ಕೇಳಿದಳು.

"ನಿಮ್ಮ ನೇಮದ್ದೇನ ತಪ್ಪಿಲ್ರಿ ಕಾಕು," ಎಂದಳು ಸ್ನೇಹಲ. ಹೇಳುವಾಗ ಕಣ್ಣು ತುಂಬಿ ಬಂದವು. ಅವಳಿಗೆ ಹೊಲಕ್ಕಿಂತ ಹೆಚ್ಚಾಗಿ ಆ ಮಧ್ಯಾಹ್ನಗಳು ಬೇಕಿದ್ದವು. ವಾರದಲ್ಲಿ ಅದೊಂದೇ ಹೊತ್ತು ಅವಳು ಯಾರ ಸೊಸೆಯೂ ಅಲ್ಲದೆ ಕುಳಿತಿರುತ್ತಿದ್ದಳು.

ಶ್ರಾವಣ ಹತ್ತಿರವಾಯಿತು. ಪಂಚಮಿಯ ಉಂಡಿಗೆಂದು ಅತ್ತೆ ಸೊಸೆ ಇಬ್ಬರೂ ಎಳ್ಳು ಹಸನು ಮಾಡುತ್ತಿದ್ದರು. ಮೊರದಲ್ಲಿ ಎಳ್ಳು ಕೇರುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಲಕ್ಕವ್ವ ತಲೆ ಎತ್ತದೆ ಕೇಳಿದಳು: "ಆ ಸುಗಂಧಿ ಮುಂದ ಏನಾದ್ಲು?"

ಸ್ನೇಹಲಳಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾರ್ರಿ ಅತ್ತಿ?"

"ಎಷ್ಟ ಸುಗಂಧಿ ಅದಾರ ನಮ್ಮನ್ಯಾಗ? ಸೀರಿ ಉಟಗೊಂಡು ಗಾಡಿ ಹತ್ತಿದ್ಲಲಾ, ಆಮ್ಯಾಗ? ಗಂಡನ ಮನ್ಯಾಗ ಬೈಸಿಕೊಂಡ್ಲೋ ಏನೋ?"

ಅಷ್ಟೂ ಸೋಮವಾರ ಶೇಂಗಾ ಏಕೆ ಸೀಯುತ್ತಿತ್ತೆಂದು ಸ್ನೇಹಲಳಿಗೆ ಈಗ ಹೊಳೆಯಿತು. ನಗು ಬಂತು, ಧೈರ್ಯ ಸಾಲದೆ ನುಂಗಿಕೊಂಡಳು. "ನಾನೂ ಓದಿಲ್ರಿ. ಒಬ್ಬರೇ ಮುಂದ ಓದಬಾರದಂತ ನೇಮ ಐತಲ್ರಿ."

"ಸುಡ್ಲಿ ನಿಮ್ಮ ನೇಮ," ಎಂದಳು ಲಕ್ಕವ್ವ. ಇನ್ನೊಂದು ಮೊರ ಎಳ್ಳು ಕೇರಿದಳು. "ಹಂಗಾದ್ರ ಕರಿ ಅವ್ರನ್ನ. ಸೋಮವಾರ ಐತಲಾ ನಾಳೆ."

ಮರುದಿನ ಮಧ್ಯಾಹ್ನ ಕೌದಿ ಮತ್ತೆ ಬಿಚ್ಚಿಕೊಂಡಿತು. ಸೋನಾಲಿ ಬಂದಳು, ತಾರವ್ವ ಬಂದಳು, ಓಣಿಯವರು ಚಪ್ಪಲಿ ಬಿಡುವಾಗಲೇ ಲಕ್ಕವ್ವನ ಮುಖ ನೋಡಿಕೊಂಡು ಬಂದರು. ಲಕ್ಕವ್ವ ಅಡುಗೆಮನೆಗೆ ಹೋಗಲಿಲ್ಲ. ಹಸಿ ಶೇಂಗಾ ತುಂಬಿದ ಬುಟ್ಟಿ ತಂದು, ಕೌದಿಯ ನಡುವೆಯೇ ಕುಳಿತು ಸಿಪ್ಪೆ ಸುಲಿಯತೊಡಗಿದಳು. ಕಟ್ಟೆಯ ಮೇಲೆ ಧರೆಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಎಮ್ಮೆಗೆ ಮೇವು ಹಾಕಿ ಬಂದ ಈಶ್ವರ, ಹೆಂಗಸರನ್ನು ಕಂಡು ಒಳಗೆ ಬರಲಾಗದೆ ಹೊಸ್ತಿಲಲ್ಲೇ ಕೈ ಒರೆಸಿಕೊಳ್ಳುತ್ತ ನಿಂತ.

ಸ್ನೇಹಲ ಓದಿದಳು. ಸುಗಂಧಿಗೆ ವಯಸ್ಸಾಗಿದೆ. ಅಣ್ಣಂದಿರು ಈಗಿಲ್ಲ. ತವರಿನ ದಾರಿಯಲ್ಲಿ ಹೋಗುವಾಗ ಅಪ್ಪನ ಹೊಲದ ಬದುವಿನಲ್ಲಿ ಎಳೆಯ ಹತ್ತರಕಿ ಸೊಪ್ಪು ಕಂಡು, ಬಾಯಿಯ ಆಸೆಗೆ ಒಂದು ಹಿಡಿ ಕಿತ್ತುಕೊಳ್ಳುತ್ತಾಳೆ. ಅಣ್ಣನ ಮಗ ದೂರದಿಂದ ಕೂಗುತ್ತಾನೆ, ಯಾರವ್ವ ನೀನು, ಯಾರನ್ನು ಕೇಳಿ ಹೊಲಕ್ಕೆ ಕಾಲಿಟ್ಟೆ ಎಂದು. ಸುಗಂಧಿ ಸೊಪ್ಪನ್ನು ಬದುವಿನ ಮೇಲೇ ಇಟ್ಟು ಕೈ ಝಾಡಿಸಿಕೊಂಡು ನಡೆಯುತ್ತಾಳೆ.

ಸ್ನೇಹಲ ನಿಲ್ಲಿಸಿದಳು. ಸೋನಾಲಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೇಳ್ರಿ," ಎಂದಳು ತಾರವ್ವ, ಮೆಲ್ಲಗೆ.

"ಮೊದಲ ನಾ ಹೇಳತೀನಿ," ಎಂದಳು ಲಕ್ಕವ್ವ. ಕೈ ಸಿಪ್ಪೆ ಸುಲಿಯುತ್ತಲೇ ಇತ್ತು. "ಯಡೂರಾಗ ಹೊಳಿದಂಡಿ ಹೊಲಾ ನಮ್ಮಪ್ಪಂದು. ನಮ್ಮಣ್ಣ ಕರದ, ಹೋದೆ. ಹೋಳಿಗಿ ಉಂಡೆ. ಎಲ್ಲಿ ಒತ್ತಂದ್ರು ಅಲ್ಲಿ ಹೆಬ್ಬಟ್ಟ ಒತ್ತಿದೆ. ಹಸರ ಸೀರಿ ಉಡಿಸಿದ್ರು. ಹರಿಯೂತನಾ ಉಟ್ಟೆ. ಹರದ ಮ್ಯಾಲ ಒಗ್ಯಾಕ ಮನಸ ಬರ್ಲಿಲ್ಲ, ಇದರಾಗ ಹಚ್ಚಿದೆ." ಬೆರಳಿನಿಂದ ತೋರಿಸಿದಳು. "ಸ್ನೇಹಲಾ, ನೀ ಅದರ ಮ್ಯಾಲ ಕುಂತಿದಿ ನೋಡು."

ಸ್ನೇಹಲ ಸರಿದಳು. ಅವಳ ಮೊಣಕಾಲ ಕೆಳಗೆ, ತೊಳೆದು ತೊಳೆದು ಬಣ್ಣ ಹೋದ ಹಸಿರು ತುಂಡೊಂದು ಇತ್ತು. ಇಷ್ಟು ದಿನ ಇದರ ಮೇಲೆ ಕುಳಿತು ಸುಗಂಧಿಯ ನ್ಯಾಯ ಮಾಡಿದ್ದೆವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅತ್ತೆ ಚಾಪೆ ಹಾಸು ಎಂದದ್ದು ಹೊಲಸಾಗುವ ಚಿಂತೆಗಲ್ಲ.

"ಮತ್ತೊಮ್ಮೆ ಆ ಜಾಗದಾಗ ಇದ್ದರ ಒತ್ತತಿದ್ದಿಲ್ಲ," ಎಂದಳು ಲಕ್ಕವ್ವ. "ಮುಗೀತ ನಂದು. ಮುಂದ ಯಾರದ ಪಾಳೆ?"

ತಾರವ್ವ ಹೊಸ್ತಿಲ ಕಡೆ ನೋಡಿದಳು. "ಈಶ್ವರಾ, ನಿಂತ ಕೇಳಿದಿ ಅಂದ್ರ ನಿನಗೂ ನೇಮ ಐತಿ ತಮ್ಮಾ. ಸುಗಂಧಿ ಜಾಗ ಬ್ಯಾಡ. ಅಣ್ಣನ ಜಾಗದಾಗ ನೀ ಇದ್ದರ?"

ಈಶ್ವರ ಅವ್ವನ ಕಡೆ ನೋಡಿದ. ಅವಳು ಬುಟ್ಟಿಯಿಂದ ತಲೆ ಎತ್ತಲಿಲ್ಲ. ಹೆಂಡತಿಯ ಕಡೆ ನೋಡಿದ, ಎಷ್ಟೋ ದಿನಗಳ ಮೇಲೆ. ಆ ನಾಲ್ಕೆಕರೆಯ ಒಂದೊಂದು ಸಾಲೂ ಅವನೇ ನೀರು ಕಟ್ಟಿ ಬೆಳೆಸಿದ್ದು, ಬಿಡುವುದು ಸುಲಭವಿರಲಿಲ್ಲ. ಕೊರಳಿನ ಟವೆಲ್ಲನ್ನು ಎಳೆದು ಸುಮ್ಮನೆ ಮುಖ ಒರೆಸಿಕೊಂಡ.

"ಮೊದಲ ತಂಗೀನ ಕೇಳತಿದ್ದೆ," ಎಂದ.

"ಕೇಳಲಾ ಮತ್ತ," ಎಂದ ಧರೆಪ್ಪ ಕಟ್ಟೆಯಿಂದ. ಅವನೂ ಕೇಳಿಸಿಕೊಳ್ಳುತ್ತಿದ್ದನೆಂದು ಆಗಲೇ ಗೊತ್ತಾದದ್ದು.

ಈಶ್ವರ ಫೋನು ತೆಗೆದ. ಅಂದಿನಂತೆಯೇ ಸ್ಪೀಕರಿಗೆ ಹಾಕಿದ. "ಕೋಮಲಾ, ರಾಯಬಾಗಕ್ಕ ಬಾ ಅಂತ ಹೇಳಿದ್ವಿ, ನಿನಗ ಏನ ಬೇಕಂತ ಕೇಳಲಿಲ್ಲ. ಈಗ ಕೇಳತೀನಿ. ನಿನ್ನ ಮನಸಿನ್ಯಾಗ ಏನೈತಿ?"

ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಕೋಮಲ ಮೂಗು ಸೇದಿಕೊಂಡು ಹೇಳಿದಳು: "ಕಾಲವಿ ಕಡೆ ಒಂದ ಎಕರೆ ನನ್ನ ಹೆಸರಲೆ ಇರಲಿ ದಾದಾ. ನೀನ ಮಾಡು, ನೀನ ಕಬ್ಬ ಹಾಕು. ನಂದಂತ ಒಂದ ಇರಲಿ, ಅಷ್ಟ."

ಈಶ್ವರ ಕಟ್ಟೆಯ ಕಡೆ ನೋಡಿದ. ಧರೆಪ್ಪ ತಲೆ ಆಡಿಸಿದ.

"ಆತು," ಎಂದ ಈಶ್ವರ.

"ಖರೇನ?"

"ಖರೇನ. ಅಪ್ಪನೂ ಹೂಂ ಅಂದಾನ."

"ಹಂಗಾದ್ರ ದಾದಾ, ನನಗ ಸೀರಿ ತರಬ್ಯಾಡ."

"ತಂದಿಟ್ಟೇನಲ್ಲ ಬೇ ಆಗಲೇ," ಎಂದು ಈಶ್ವರ ಪೇಚಾಡಿದ. ಕೌದಿಯ ಮೇಲಿದ್ದವರು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡರು.

ಲಕ್ಕವ್ವ ಫೋನಿನ ಕಡೆ ಬಾಗಿದಳು. "ಕೋಮಲಾ, ಪಂಚಮಿಗೆ ಬಾ. ಸೀರಿ ಉಡಸ್ತೀವಿ. ಈ ಸಲ ಅದು ಬರೇ ಸೀರಿ ಇರತೈತಿ."

ಹೇಳಿದವಳೇ ಬುಟ್ಟಿ ಬದಿಗಿಟ್ಟು, ಆ ಹಸಿರು ತುಂಡಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಮುಂದ ಓದು," ಎಂದಳು.